ಮೂರನೇ ದಿನದ ಜ್ವರ, ಮುಚ್ಚಿಟ್ಟ ಒಂದು ಮಾತು

ಲಾಕ್‌ಡೌನಿನ ದಿನಗಳಲ್ಲಿ ನಮ್ಮ ಮದ್ರಸದ ಪಾಠ ಮೊಬೈಲಿನಲ್ಲೇ ನಡೆಯುತ್ತಿತ್ತು. ಸುಬ್‌ಹಿ ನಮಾಝ್ ಮುಗಿದ ಮೇಲೆ ನಾವು ತುಮಕೂರಿನಿಂದ ಅಂದಿನ ಪಾಠವನ್ನು ಓದಿ ವಾಟ್ಸ್ಆ್ಯಪಿಗೆ ಹಾಕುವುದು, ಮಕ್ಕಳು ಅದನ್ನು ಕೇಳಿ ತಮ್ಮ ದನಿಯಲ್ಲಿ ಓದಿ ವಾಪಸ್ ಕಳುಹಿಸುವುದು. ಗುಬ್ಬಿಯಿಂದ ಒಬ್ಬ ಹುಡುಗ ಇದ್ದ, ಒಂಬತ್ತು ವರ್ಷ ಪ್ರಾಯ. ಎಲ್ಲರಿಗಿಂತ ಮೊದಲು ಅವನ ಓದು ಬರುತ್ತಿತ್ತು. ಅವನ ದನಿಯ ಹಿಂದೆ ಉಪ್ಪನ ಬೇಕರಿಯಲ್ಲಿ ತಗಡಿನ ತಟ್ಟೆ ಎಳೆಯುವ ಸದ್ದೂ ಕೇಳುತ್ತಿತ್ತು. 2021ರ ಜೂನ್ ಎರಡನೇ ವಾರ ಮೂರು ದಿನ ಅವನ ದನಿ ಬರಲಿಲ್ಲ.

ಎರಡನೇ ದಿನ ರಾತ್ರಿ ಅವನ ಉಪ್ಪ ಫೋನ್ ಮಾಡಿದ್ದರು. "ಉಸ್ತಾದರೇ, ಮಗನಿಗೆ ಜ್ವರ ಬಿಡುವುದೇ ಇಲ್ಲ. ಒಂದು ದುಆ ಮಾಡಿ" ಅಂದರು. ನಾವು ದುಆ ಮಾಡಿದೆವು. "ಹೆದರಬೇಡಿ, ಮಳೆ ಶುರುವಾಗಿದೆಯಲ್ಲ, ಮಕ್ಕಳಿಗೆ ಜ್ವರ ಬರುವ ಕಾಲ" ಎಂದು ಸಮಾಧಾನವನ್ನೂ ಹೇಳಿದೆವು. ಮಕ್ಕಳ ಡಾಕ್ಟರಿಗೆ ತೋರಿಸಿದ್ರಾ, ಮನೆಯಲ್ಲಿ ಬೇರೆ ಯಾರಿಗಾದರೂ ಜ್ವರ ಬಂದಿತ್ತಾ ಎಂದು ಮಾತ್ರ ಕೇಳಲಿಲ್ಲ. ದುಆ ಮಾಡಿದ್ದು ತಪ್ಪಲ್ಲ. ಕೇಳದೆ ಫೋನ್ ಇಟ್ಟದ್ದು ತಪ್ಪು. ಇದನ್ನು ಬರೆಯಲು ಆ ತಪ್ಪೇ ಕಾರಣ. ಆ ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇವೆ. ಹೆಸರು ಬೇಡ ಎಂದರು, ಹಾಕಿಲ್ಲ.

ನಾಲ್ಕು ದಿನದಲ್ಲಿ ನಡೆದದ್ದು

ಮೊದಲ ದಿನ ಬರೀ ಜ್ವರ. ಹತ್ತಿರದ ಕ್ಲಿನಿಕ್ಕಿನಲ್ಲಿ ಪ್ಯಾರಾಸಿಟಮಾಲ್ ಸಿರಪ್ ಕೊಟ್ಟರು. ಕುಡಿದ ಒಂದೆರಡು ಗಂಟೆ ಇಳಿಯುವುದು, ಮತ್ತೆ ಏರುವುದು. ಮೂರನೇ ದಿನ ಹೊಟ್ಟೆನೋವು, ವಾಂತಿ, ಭೇದಿ. ಹೊರಗಿನ ತಿಂಡಿ ತಿಂದಿರಬೇಕು ಎಂದುಕೊಂಡರು. ಸಂಜೆಗೆ ಎರಡೂ ಕಣ್ಣು ಕೆಂಪಾದವು. ಪಿಸುರು ಇಲ್ಲ, ನೀರು ಸೋರುವುದಿಲ್ಲ, ಬರೀ ಕೆಂಪು. ತುಟಿ ಒಡೆದು ಕೆಂಪಾಯಿತು. ಎದೆಯ ಮೇಲೆ ಸಣ್ಣ ಗಂಧೆ ಎದ್ದಿತು. ನಾಲ್ಕನೇ ದಿನ ಬೆಳಿಗ್ಗೆ ಉಮ್ಮ ಎಬ್ಬಿಸಿದರೆ ಕಣ್ಣು ತೆರೆದು ಮತ್ತೆ ಮುಚ್ಚಿದ. ಮೈ ಕಾದ ಹೆಂಚಿನಂತೆ ಇದೆ, ಕೈಕಾಲು ಮಾತ್ರ ತಣ್ಣಗೆ. ಹಿಂದಿನ ರಾತ್ರಿಯಿಂದ ಮೂತ್ರವೂ ಹೋಗಿರಲಿಲ್ಲ.

ಗುಬ್ಬಿಯಿಂದ ತುಮಕೂರಿಗೆ ಹೆಚ್ಚೆಂದರೆ 20 ಕಿಲೋಮೀಟರ್. ಕಾರು ಮಾಡಿಕೊಂಡು ಬಂದರು. ನಾವೂ ಆಸ್ಪತ್ರೆಯ ಬಾಗಿಲಿಗೆ ಹೋಗಿ ನಿಂತೆವು. ಡ್ಯೂಟಿಯಲ್ಲಿದ್ದ ಹೆಣ್ಣುಮಗಳು ಪ್ರಾಯದಲ್ಲಿ ಸಣ್ಣವರು. ಮಗುವಿನ ಬೆರಳ ತುದಿ ಒತ್ತಿ ಬಿಟ್ಟು ನೋಡಿದರು, ಬಿಪಿ ನೋಡಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಒಂದು ತಿಂಗಳ ಹಿಂದೆ ಮನೇಲಿ ಯಾರಿಗಾದ್ರೂ ಜ್ವರ, ನೆಗಡಿ, ಕೋವಿಡ್ ಬಂದಿತ್ತಾ?"

ಉಪ್ಪ "ಇಲ್ಲ" ಎಂದರು. ಉಮ್ಮ ಅವರ ಮುಖವನ್ನೊಮ್ಮೆ ನೋಡಿದರು. ನಂತರ ಹೇಳಿದರು, "ಇವರಿಗೆ ಬಂದಿತ್ತು ಡಾಕ್ಟ್ರೇ. ಪೆರ್ನಾಲಿನ ಮುಂಚೆ. ನಾಲ್ಕು ದಿನ ಜ್ವರ, ವಾಸನೆಯೇ ಗೊತ್ತಾಗುತ್ತಿರಲಿಲ್ಲ. ಟೆಸ್ಟ್ ಮಾಡಿಸಲಿಲ್ಲ. ಇವನಿಗೆ ಒಂದು ದಿನ ಮೂಗು ಸೋರಿತ್ತು ಅಷ್ಟೇ."

ಆ ವರ್ಷದ ಈದುಲ್ ಫಿತ್ರ್ ಮೇ ಎರಡನೇ ವಾರ. ಮಗುವಿಗೆ ಜ್ವರ ಬಂದದ್ದು ಜೂನ್ ಎರಡನೇ ವಾರ. ಡಾಕ್ಟರು ಬೆರಳಲ್ಲಿ ನಾಲ್ಕು ವಾರ ಎಣಿಸಿದರು. ಆ ಮಾತು ಸಿಕ್ಕಿದ ಮೇಲೆ ಕೆಲಸ ಬೇರೆಯೇ ವೇಗದಲ್ಲಿ ನಡೆಯಿತು. ಕೋವಿಡ್ ಆ್ಯಂಟಿಬಾಡಿ ಪರೀಕ್ಷೆ, ಸಿಆರ್‌ಪಿ ಮುಂತಾದ ರಕ್ತ ಪರೀಕ್ಷೆ, ಹೃದಯದ ಎಕೋ. ಹೃದಯ ಬಡಿಯುತ್ತಿದೆ, ಆದರೆ ಹಿಂಡುವ ಬಲ ಕುಗ್ಗಿದೆ ಎಂದರು. ಅಂದೇ ಐಸಿಯುನಲ್ಲಿ ಮಲಗಿಸಿದರು.

ಕಾಯಿಲೆ ಯಾವುದು?

ಇದರ ಹೆಸರು ಎಂಐಎಸ್-ಸಿ. ಮಕ್ಕಳಲ್ಲಿ ಬರುವ ಬಹು ಅಂಗಾಂಗಗಳ ಉರಿಯೂತ ಎಂದು ಪತ್ರಿಕೆಗಳು ಬರೆದವು. 2020ರ ಏಪ್ರಿಲ್ ಕೊನೆಗೆ ಇಂಗ್ಲೆಂಡಿನ ಡಾಕ್ಟರುಗಳು ಮೊದಲು ಎಚ್ಚರಿಸಿದರು. ಕೋವಿಡ್ ಹಬ್ಬಿದ ಕೆಲವು ವಾರಗಳ ನಂತರ ಮಕ್ಕಳು ಜ್ವರ, ಹೊಟ್ಟೆನೋವು, ಕುಸಿದ ಬಿಪಿಯೊಂದಿಗೆ ಆಸ್ಪತ್ರೆಗೆ ಬರುತ್ತಿದ್ದರು. ಅದೇ ಮೇ 15ರಂದು ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಗುರುತಿಸುವ ಬಗೆಯನ್ನು ಪ್ರಕಟಿಸಿತು. ಅದರಲ್ಲಿ ಮೊದಲ ಸಾಲೇ ಮೂರು ದಿನ ಅಥವಾ ಹೆಚ್ಚು ದಿನದ ಜ್ವರ.

ಕರ್ನಾಟಕದಲ್ಲಿ ಎರಡನೇ ಅಲೆ ಎಷ್ಟು ಜೋರಾಗಿತ್ತು ಎಂದು ಎಲ್ಲರಿಗೂ ನೆನಪಿದೆ. 2021ರ ಮೇ 5ರಂದು ಒಂದೇ ದಿನ ರಾಜ್ಯದಲ್ಲಿ 50,112 ಹೊಸ ಪ್ರಕರಣ. ಆ ಅಲೆ ಇಳಿದಂತೆ, ಮೇ ಕೊನೆ ಮತ್ತು ಜೂನ್‌ನಲ್ಲಿ ಬೆಂಗಳೂರು, ದಾವಣಗೆರೆ ಮುಂತಾದ ಕಡೆಯಿಂದ ಮಕ್ಕಳ ಈ ಕಾಯಿಲೆಯ ಸುದ್ದಿ ಬರತೊಡಗಿತು. ಮೂರನೇ ಅಲೆ ಬಂದರೆ ಮಕ್ಕಳಿಗೆ ಏನು ವ್ಯವಸ್ಥೆ ಎಂದು ನೋಡಲು ಸರ್ಕಾರ ಡಾ. ದೇವಿ ಶೆಟ್ಟಿ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿದ್ದೂ ಆಗಲೇ. ಅಲೆ ಮೊದಲು, ಇದು ಅದರ ಹಿಂದೆ. ಸೋಂಕು ತಾಗಿದ ಎರಡರಿಂದ ಆರು ವಾರದೊಳಗೆ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ.

ವೈರಸ್ ಹೋಗಿ ತಿಂಗಳಾದ ಮೇಲೆ ಕಾಯಿಲೆ ಹೇಗೆ? ಆ ಬೇಕರಿಯವರಿಗೆ ನಾವು ಹೇಳಿದ ರೀತಿಯಲ್ಲೇ ಹೇಳುತ್ತೇವೆ. ಬ್ರೆಡ್ ಬೇಯಲು ಒಲೆಗೆ ಬೆಂಕಿ ಬೇಕು. ಬೆಂದ ಮೇಲೆ ಬೆಂಕಿ ತಗ್ಗಿಸಬೇಕು. ತಗ್ಗಿಸದೆ ಬಿಟ್ಟರೆ ಬ್ರೆಡ್ ಕರಕಲಾಗುತ್ತದೆ, ಒಲೆಯ ಗೋಡೆಯೇ ಸೀಳುತ್ತದೆ. ದೇಹದ ರೋಗನಿರೋಧಕ ಶಕ್ತಿ ವೈರಸ್ಸನ್ನು ಎದುರಿಸಲು ಹೊತ್ತಿಸಿದ ಬೆಂಕಿ. ಕೆಲವೇ ಕೆಲವು ಮಕ್ಕಳಲ್ಲಿ ಅದು ಕೆಲಸ ಮುಗಿದ ಮೇಲೂ ತಗ್ಗುವುದಿಲ್ಲ. ಹೃದಯ, ಕರುಳು, ಚರ್ಮ, ಕಣ್ಣು, ರಕ್ತನಾಳ ಎಲ್ಲದರಲ್ಲೂ ಉರಿ ಹತ್ತುತ್ತದೆ. ಆದ್ದರಿಂದಲೇ ಮೂಗಿನ ಕೋವಿಡ್ ಟೆಸ್ಟ್ ನೆಗೆಟಿವ್ ಬರಬಹುದು. "ನೆಗೆಟಿವ್ ಬಂತಲ್ಲ" ಎಂದು ನಿರಾಳವಾಗುವಂತಿಲ್ಲ.

ಇದಕ್ಕೊಂದು ಹಳೆಯ ಸಂಬಂಧಿ ಇದೆ, ಕವಾಸಾಕಿ ಕಾಯಿಲೆ. ಜಪಾನಿನ ಮಕ್ಕಳ ತಜ್ಞ ತೊಮಿಸಾಕು ಕವಾಸಾಕಿ 1967ರಲ್ಲಿ ಅದನ್ನು ಬರೆದು ತಿಳಿಸಿದರು. ಅದು ಬರುವುದು ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳಿಗೆ. ಅಲ್ಲೂ ಬಿಡದ ಜ್ವರ, ಕೆಂಪು ಕಣ್ಣು, ಒಡೆದ ತುಟಿ, ಗಂಧೆ. ಚಿಕಿತ್ಸೆ ಇಲ್ಲದೆ ಬಿಟ್ಟರೆ ನಾಲ್ಕರಲ್ಲಿ ಒಂದು ಮಗುವಿನ ಹೃದಯದ ರಕ್ತನಾಳ ಉಬ್ಬಿಕೊಳ್ಳುತ್ತದೆ. ಹತ್ತು ದಿನದೊಳಗೆ ಸರಿಯಾದ ಚಿಕಿತ್ಸೆ ಸಿಕ್ಕರೆ ಆ ಅಪಾಯ ನೂರರಲ್ಲಿ ಐದರ ಆಸುಪಾಸಿಗೆ ಇಳಿಯುತ್ತದೆ. ಅದು ಕೋವಿಡ್‌ಗೂ ಮುಂಚೆ ಇತ್ತು, ಈಗಲೂ ಇದೆ. ಕೋವಿಡ್ ಮುಗಿಯಿತು, ಇನ್ನು ಈ ಮಾತೆಲ್ಲ ಯಾಕೆ ಎನ್ನುವವರು ಇದನ್ನು ಗಮನಿಸಬೇಕು.

ಯಾಕೆ ಮುಚ್ಚಿಟ್ಟರು?

ಆ ಉಪ್ಪನನ್ನು ದೂರುವ ಮನಸ್ಸು ನಮಗಿಲ್ಲ. ಪಾಸಿಟಿವ್ ಎಂದು ಬಂದರೆ ಬೇಕರಿ ಮುಚ್ಚಬೇಕು. ಬೆಳಿಗ್ಗೆ ಸಿಗುವ ನಾಲ್ಕು ಗಂಟೆಯ ವ್ಯಾಪಾರದಲ್ಲೇ ಬಾಡಿಗೆ, ಕೆಲಸದ ಹುಡುಗರ ಸಂಬಳ. ಅದಕ್ಕಿಂತ ದೊಡ್ಡದು 2020ರ ಏಪ್ರಿಲ್‌ನ ನೆನಪು. ದೆಹಲಿಯ ನಿಝಾಮುದ್ದೀನ್ ಸುದ್ದಿಯ ನಂತರ ನಮ್ಮವರ ಅಂಗಡಿ, ಹಣ್ಣಿನ ಗಾಡಿಗಳ ಮೇಲೆ ಎಂಥ ಮಾತು ಬಂತೆಂದು ಎಲ್ಲರಿಗೂ ಗೊತ್ತು. ಕರಾವಳಿಯಿಂದ ಬಂದು ತುಮಕೂರು, ಗುಬ್ಬಿ, ಕುಣಿಗಲ್ಲಿನಲ್ಲಿ ಬೇಕರಿ, ಹೋಟೆಲ್, ಜ್ಯೂಸ್ ಅಂಗಡಿ ಇಟ್ಟುಕೊಂಡ ಬ್ಯಾರಿಗಳ ಮನೆ ಇಲ್ಲಿ ಕಡಿಮೆ. ಸಣ್ಣ ಊರಲ್ಲಿ ಒಬ್ಬನಿಗೆ ಬಂತೆಂದರೆ ಹೆಸರು ಎಲ್ಲರಿಗೂ ತಾಗುತ್ತದೆ. "ಸುಮ್ಮನಿದ್ದರೆ ನಾಲ್ಕು ದಿನದಲ್ಲಿ ಹೋಗುತ್ತದೆ ಉಸ್ತಾದರೇ, ಹೇಳಿ ಎಂತ ಪ್ರಯೋಜನ?" ಎಂದು ಆಮೇಲೆ ಅವರು ಕೇಳಿದ್ದರು. ಅವರ ಜ್ವರ ನಾಲ್ಕು ದಿನದಲ್ಲಿ ಹೋಯಿತು, ನಿಜ. ಹೇಳದೆ ಇಟ್ಟ ಮಾತು ಮಗನ ಮಂಚದ ಬುಡದಲ್ಲಿ ಎದುರಾಯಿತು.

ಇಲ್ಲಿ ಒಂದು ವಿಷಯ ತಿಳಿದಿರಬೇಕು. ಮಕ್ಕಳಿಗೆ ಸೋಂಕು ಬಂದದ್ದು ಎಷ್ಟೋ ಸಲ ಮನೆಯವರಿಗೇ ಗೊತ್ತಾಗುವುದಿಲ್ಲ. 2021ರ ಜೂನ್-ಜುಲೈನಲ್ಲಿ ಐಸಿಎಂಆರ್ ದೇಶದಲ್ಲಿ ನಡೆಸಿದ ಸಮೀಕ್ಷೆಯಲ್ಲಿ 6ರಿಂದ 9 ವರ್ಷದ ಮಕ್ಕಳಲ್ಲಿ ಶೇ. 57.2, 10ರಿಂದ 17 ವರ್ಷದವರಲ್ಲಿ ಶೇ. 61.6 ಮಂದಿಯ ರಕ್ತದಲ್ಲಿ ಕೋವಿಡ್ ಆ್ಯಂಟಿಬಾಡಿ ಇತ್ತು. ಆಗ ಮಕ್ಕಳಿಗೆ ಲಸಿಕೆ ಶುರುವಾಗಿರಲೇ ಇಲ್ಲ. ಅಂದರೆ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಸೋಂಕು ಬಂದು ಹೋಗಿತ್ತು. ಬಹಳಷ್ಟು ಮನೆಗಳಲ್ಲಿ ಅದು ಒಂದು ದಿನದ ಮೂಗು ಸೋರುವಿಕೆ, ಅಷ್ಟೇ. ಹಾಗಾಗಿ ಡಾಕ್ಟರು ಮಗುವಿನದ್ದಲ್ಲದೆ ಮನೆಯ ದೊಡ್ಡವರ ಜ್ವರವನ್ನೂ ಕೇಳುತ್ತಾರೆ. ಆ ಉತ್ತರ ಇರುವುದು ನಮ್ಮ ಬಾಯಲ್ಲಿ, ಯಾವ ಸ್ಕ್ಯಾನಿಂಗ್‌ನಲ್ಲೂ ಅಲ್ಲ.

ಮನೆಯಲ್ಲಿ ನೋಡಬೇಕಾದದ್ದು

ಹೆದರಿಸಲು ಬರೆಯುತ್ತಿಲ್ಲ. ಸೋಂಕು ತಗಲಿದ ಸಾವಿರಾರು ಮಕ್ಕಳಲ್ಲಿ ಒಬ್ಬರಿಗೆ ಬರುವ ಕಾಯಿಲೆ ಇದು. ಒಮಿಕ್ರಾನ್ ಬಂದ ಮೇಲೆ ಇನ್ನೂ ಕಡಿಮೆಯಾಗಿದೆ. ಮಳೆಗಾಲದ ಜ್ವರದಲ್ಲಿ ಹೆಚ್ಚಿನವು ಸಾಮಾನ್ಯ ವೈರಲ್ ಜ್ವರ, ಕೆಲವು ಡೆಂಗಿ, ಕೆಲವು ಟೈಫಾಯ್ಡ್. ಯಾವುದು ಎಂದು ತೀರ್ಮಾನಿಸುವುದು ಮನೆಯವರ ಕೆಲಸವಲ್ಲ, ಮದ್ರಸದ ಉಸ್ತಾದರ ಕೆಲಸವೂ ಅಲ್ಲ. ದಿನ ಎಣಿಸುವುದು, ಗುರುತು ನೋಡುವುದು, ಹೊತ್ತಿಗೆ ಸರಿಯಾಗಿ ಕರೆದುಕೊಂಡು ಹೋಗುವುದು, ಇಷ್ಟು ನಮ್ಮ ಕೆಲಸ.

ಮನೆಯಲ್ಲಿ ಒಂದು ಥರ್ಮಾಮೀಟರ್ ಇರಲಿ. ಕೈ ಮುಟ್ಟಿ ನೋಡುವುದು ಸಾಲದು. 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಜ್ವರ. ಕ್ಯಾಲೆಂಡರಿನಲ್ಲಿ ದಿನ ಮತ್ತು ಡಿಗ್ರಿ ಬರೆದಿಡಿ. ಮೂರನೇ ದಿನಕ್ಕೂ ಜ್ವರ ಬಿಡದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಲೇಬೇಕು. ಜ್ವರದ ಜೊತೆ ಕಣ್ಣು ಕೆಂಪು, ತುಟಿ-ನಾಲಿಗೆ ಕೆಂಪು, ಗಂಧೆ, ಕೈಕಾಲು ಊತ, ಜೋರಾದ ಹೊಟ್ಟೆನೋವು, ವಾಂತಿ, ಭೇದಿ, ಇವುಗಳಲ್ಲಿ ಎರಡು-ಮೂರು ಸೇರಿದರೆ ಮೂರನೇ ದಿನವನ್ನೂ ಕಾಯಬೇಡಿ. ಈ ಹೊಟ್ಟೆನೋವು ಅಪೆಂಡಿಸೈಟಿಸ್ ಇರಬೇಕು ಎನಿಸುವಷ್ಟು ಜೋರಾಗಿ ಬರುವುದುಂಟು.

ಉಸಿರು ಜೋರಾದರೆ, ಎದೆನೋವು ಎಂದರೆ, ಕೈಕಾಲು ತಣ್ಣಗಾದರೆ, ತುಟಿ ನೀಲಿಗಟ್ಟಿದರೆ, ಆರೇಳು ಗಂಟೆ ಮೂತ್ರ ಹೋಗದಿದ್ದರೆ, ಎಬ್ಬಿಸಿದರೂ ಏಳದೆ ತೂಕಡಿಸಿದರೆ ಆಗಲೇ 108ಕ್ಕೆ ಫೋನ್ ಮಾಡಬೇಕು. ಡೆಂಗಿಯಲ್ಲಂತೂ ಜ್ವರ ಇಳಿದ ಹೊತ್ತಿನಲ್ಲೇ ಮಗು ಕುಸಿಯುವುದುಂಟು. ಜ್ವರ ಹೋಯಿತು, ಆದರೆ ಮಗು ಇನ್ನೂ ಸುಸ್ತಾಗುತ್ತಿದೆ ಎಂದರೆ ಅದು ಒಳ್ಳೆಯ ಸೂಚನೆಯಲ್ಲ.

ಮಾಡಬಾರದ್ದೂ ಇದೆ. ಮಕ್ಕಳ ಜ್ವರಕ್ಕೆ ಮನೆಯಲ್ಲಿ ಆಸ್ಪಿರಿನ್ ಕೊಡಬಾರದು. ಡೆಂಗಿ ಇರಬಹುದಾದ್ದರಿಂದ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಬೇಡ. ಪ್ಯಾರಾಸಿಟಮಾಲ್ ಕೂಡ ಮಗುವಿನ ತೂಕ ನೋಡಿ ಡಾಕ್ಟರು ಹೇಳಿದಷ್ಟೇ. ಅಣ್ಣನಿಗೆ ತಂದು ಉಳಿದ ಆ್ಯಂಟಿಬಯೋಟಿಕ್ ಸಿರಪ್ ತಮ್ಮನಿಗಲ್ಲ. ಈ ಕಾಯಿಲೆಗೆ ಸ್ಟಿರಾಯ್ಡ್ ಕೊಡುತ್ತಾರೆ ಎಂದು ಕೇಳಿ ಮೆಡಿಕಲ್ಲಿನಿಂದ ತಂದು ಕೊಡುವುದಂತೂ ಬೇಡವೇ ಬೇಡ.

"ಊರಿಗೆ ಹೋಗೋಣ"

ಐಸಿಯು ಎಂದ ಕೂಡಲೇ ಮನೆಯವರಲ್ಲಿ ಒಂದು ಮಾತು ಬಂತು. "ಮಂಗಳೂರಿಗೆ ಕರೆದುಕೊಂಡು ಹೋಗೋಣ, ಅಲ್ಲಿ ನಮ್ಮವರಿದ್ದಾರೆ, ಪರಿಚಯದ ಡಾಕ್ಟರಿದ್ದಾರೆ." ಬಾಪುಮಾರೂ ಮಾವಂದಿರೂ ಫೋನಿನಲ್ಲಿ ಇದನ್ನೇ ಹೇಳಿದರು. ಈ ಮಾತು ನಮಗೂ ಹೊಸದಲ್ಲ. ಹೆರಿಗೆ, ಆಪರೇಷನ್, ಏನಿದ್ದರೂ ನಾವು ಊರಿನ ಬಸ್ ಹತ್ತುವವರೇ. ಆದರೆ ಕುಣಿಗಲ್ ದಾಟಿ ಮಂಗಳೂರು ಮುಟ್ಟಲು ಇನ್ನೂ 250 ಕಿಲೋಮೀಟರಿಗಿಂತ ಹೆಚ್ಚು ದಾರಿ, ನಡುವೆ ಶಿರಾಡಿ ಘಾಟಿ, ಮೇಲೆ ಜೂನ್ ತಿಂಗಳ ಮಳೆ. ಬಿಪಿ ಕುಸಿದ ಮಗುವಿಗೆ ಅಷ್ಟು ಹೊತ್ತಿನ ಪ್ರಯಾಣ ತಡೆಯುವುದಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಮೊದಲು ಇಲ್ಲೇ ಬಿಪಿ ಸ್ಥಿರಪಡಿಸಿ, ಔಷಧ ಶುರು ಮಾಡಿ, ಮರುದಿನ ಆ್ಯಂಬುಲೆನ್ಸಿನಲ್ಲಿ ಬೆಂಗಳೂರಿಗೆ ಕಳುಹಿಸಿದರು.

ಕುಣಿಗಲ್ಲಿನವರಿಗೆ ತುಮಕೂರೂ ಬೆಂಗಳೂರೂ ಎರಡೂ ದಾರಿ ಇದೆ, ಗುಬ್ಬಿಯವರಿಗೆ ತುಮಕೂರೇ ಹತ್ತಿರ. ತಾಲ್ಲೂಕು ಆಸ್ಪತ್ರೆ, ಜಿಲ್ಲಾಸ್ಪತ್ರೆ, ನಗರದ ಮೆಡಿಕಲ್ ಕಾಲೇಜುಗಳು ಇವೆ. ದೊಡ್ಡ ತೊಂದರೆಯಾದರೆ ಬೆಂಗಳೂರಿನಲ್ಲಿ ಮಕ್ಕಳಿಗಾಗಿಯೇ ಇರುವ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ, ಸರ್ಕಾರದ್ದು. ಹತ್ತಿರದ ಆಸ್ಪತ್ರೆ ಮೊದಲು, ಊರಿನ ಪರಿಚಯ ಆಮೇಲೆ.

ಚಿಕಿತ್ಸೆ ಮತ್ತು ಖರ್ಚು

ಚಿಕಿತ್ಸೆಯಲ್ಲಿ ಮುಖ್ಯವಾದವು ಎರಡು. ಒಂದು ಸ್ಟಿರಾಯ್ಡ್, ಅದು ದುಬಾರಿಯಲ್ಲ. ಇನ್ನೊಂದು ಐವಿಐಜಿ ಎಂಬ ಡ್ರಿಪ್, ಸಾವಿರಕ್ಕಿಂತ ಹೆಚ್ಚು ರಕ್ತದಾನಿಗಳ ಪ್ಲಾಸ್ಮಾ ಸೇರಿಸಿ ಅದರಿಂದ ತೆಗೆಯುವ ಪ್ರತಿಕಾಯ. ಸಾಮಾನ್ಯ ಲೆಕ್ಕ ಒಂದು ಕಿಲೋ ತೂಕಕ್ಕೆ 2 ಗ್ರಾಂ. 20 ಕಿಲೋ ಮಗುವಿಗೆ 40 ಗ್ರಾಂ, ಅಂದರೆ 5 ಗ್ರಾಮಿನ ಎಂಟು ಬಾಟಲಿ. ಒಂದೊಂದರ ಬೆಲೆ ಸಾವಿರಗಟ್ಟಲೆ. ಇದರ ಮೇಲೆ ಐಸಿಯು ಬಾಡಿಗೆ. ಆ ಮನೆಯವರು ಉಮ್ಮನ ಚಿನ್ನ ಅಡವಿಟ್ಟರು, ಜಮಾಅತಿನವರು ಸೇರಿ ಒಂದಿಷ್ಟು ಕೂಡಿಸಿದರು.

ಅವರಿಗೆ ತಡವಾಗಿ ತಿಳಿದದ್ದು ನಿಮಗೆ ಮೊದಲೇ ತಿಳಿದಿರಲಿ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಕಾರ್ಡು ಬಂಟ್ವಾಳದ ವಿಳಾಸದಲ್ಲಿದೆ, ಇಲ್ಲಿ ನಡೆಯುವುದಿಲ್ಲ ಎಂದು ಅವರು ತೆಗೆದು ತೋರಿಸಲೇ ಇಲ್ಲ. ಯೋಜನೆ ಇಡೀ ರಾಜ್ಯಕ್ಕೆ ಒಂದೇ. ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಎಂಬ ಸಿಬ್ಬಂದಿ ಇರುತ್ತಾರೆ. ಮಗುವನ್ನು ಅಡ್ಮಿಟ್ ಮಾಡಿದ ದಿನವೇ ಕಾರ್ಡು, ಆಧಾರ್ ಹಿಡಿದು ಅವರನ್ನು ಕಂಡು ಯಾವುದು ಸಿಗುತ್ತದೆ, ಯಾವುದು ಇಲ್ಲ ಎಂದು ಕೇಳಿ. ಅಡ್ಮಿಟ್ ಆಗುವ ಮೊದಲು ವಿಚಾರಿಸಲು 104 ಆರೋಗ್ಯ ಸಹಾಯವಾಣಿ ಇದೆ.

ಮನೆಗೆ ಬಂದ ಮೇಲೆ

ಹುಡುಗ ಒಂಬತ್ತನೇ ದಿನ ಬೆಂಗಳೂರಿನ ಆಸ್ಪತ್ರೆಯಿಂದ ಮನೆಗೆ ಬಂದ. ಹೊತ್ತಿಗೆ ಚಿಕಿತ್ಸೆ ಸಿಕ್ಕರೆ ಹೆಚ್ಚಿನ ಮಕ್ಕಳು ಹೀಗೆಯೇ ಚೇತರಿಸಿಕೊಳ್ಳುತ್ತಾರೆ. ಹೃದಯದ ಬಲ ಸಾಮಾನ್ಯವಾಗಿ ವಾರಗಳಲ್ಲಿ ವಾಪಸ್ ಬರುತ್ತದೆ. ಆದರೆ ಮನೆಗೆ ಬಂದಲ್ಲಿಗೆ ಮುಗಿಯುವುದಿಲ್ಲ. ಹೇಳಿದ ದಿನಕ್ಕೆ ಎಕೋ ಮಾಡಿಸಬೇಕು. ಸ್ಟಿರಾಯ್ಡನ್ನು ತಟ್ಟನೆ ನಿಲ್ಲಿಸದೆ ಡಾಕ್ಟರು ಬರೆದಂತೆ ಇಳಿಸುತ್ತಾ ಬರಬೇಕು. ಹೃದಯಕ್ಕೆ ತಾಗಿದ್ದರೆ ಮೂರರಿಂದ ಆರು ತಿಂಗಳು ಓಟ, ಫುಟ್‌ಬಾಲ್ ಇಲ್ಲ. ಐವಿಐಜಿ ಪಡೆದ ಮಗುವಿಗೆ ಎಂಎಂಆರ್‌ನಂಥ ಲಸಿಕೆಯನ್ನು ಸುಮಾರು 11 ತಿಂಗಳು ಮುಂದೂಡುತ್ತಾರೆ. ಅಂಗನವಾಡಿ, ಶಾಲೆಯಲ್ಲಿ ಲಸಿಕೆಗೆ ಕರೆದಾಗ ಡಿಸ್ಚಾರ್ಜ್ ಚೀಟಿ ತೋರಿಸಬೇಕು. ಆ ಚೀಟಿಯನ್ನು ರೇಷನ್ ಕಾರ್ಡಿನಷ್ಟೇ ಜೋಪಾನವಾಗಿಡಿ.

ಮದ್ರಸ ಮತ್ತೆ ತೆರೆದಾಗ ಆ ಹುಡುಗನೂ ಬಂದ. ಬಿಡುವಿನಲ್ಲಿ ಉಳಿದವರು ಅಂಗಳದಲ್ಲಿ ಓಡುವಾಗ ಇವನು ಜಗಲಿಯಲ್ಲಿ ಕುಳಿತು, "ಉಸ್ತಾದರೇ, ಆರು ತಿಂಗಳಿಗೆ ಇನ್ನೆಷ್ಟು ದಿನ?" ಎಂದು ದಿನವೂ ಲೆಕ್ಕ ಕೇಳುತ್ತಿದ್ದ.

ಈಗ ಯಾರಾದರೂ ಮಗುವಿನ ಜ್ವರಕ್ಕೆ ದುಆ ಮಾಡಿ ಎಂದು ಫೋನ್ ಮಾಡಿದರೆ ನಾವು ದುಆ ಮಾಡುತ್ತೇವೆ. ಫೋನ್ ಇಡುವ ಮೊದಲು ಮೂರು ಪ್ರಶ್ನೆ ಕೇಳುತ್ತೇವೆ. ಜ್ವರ ಬಂದು ಎಷ್ಟು ದಿನವಾಯಿತು? ಮಕ್ಕಳ ಡಾಕ್ಟರಿಗೆ ತೋರಿಸಿದ್ರಾ? ಕಳೆದ ಒಂದೂವರೆ ತಿಂಗಳಲ್ಲಿ ಮನೆಯಲ್ಲಿ ಯಾರಿಗಾದರೂ ಜ್ವರ ಬಂದಿತ್ತಾ? ಮೂರನೆಯದಕ್ಕೆ ಕೆಲವರು ಸ್ವಲ್ಪ ತಡೆದು ಉತ್ತರಿಸುತ್ತಾರೆ. ನಮಗೆ ಹೇಳದಿದ್ದರೂ ಪರವಾಗಿಲ್ಲ, ಡಾಕ್ಟರಿಗೆ ಹೇಳಿ ಎನ್ನುತ್ತೇವೆ.